ಸಿದ್ದರಾಮಪ್ಪನವರು ಹೊತ್ತ ತಪ್ಪುಗಳು

ತಾವು ಲೋಕೋದ್ಧಾರಕ್ಕಾಗಿ ಹುಟ್ಟಿದವರಿರಬಹುದು ಎಂಬ ಅನುಮಾನ ಸಿದ್ದರಾಮಪ್ಪನವರಿಗೆ ಮೊದಲ ಸಲ ಬಂದದ್ದು ಮಾಲಿನ ಚಿತ್ರಮಂದಿರದಲ್ಲಿ, ಇಂಟರ್ವಲ್ಲಿಗೆ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ಅವರು ತಮ್ಮ ಐವತ್ತು ಚಿಲ್ಲರೆ ವರ್ಷಗಳನ್ನು ಯಾರನ್ನೂ ಉದ್ಧಾರ ಮಾಡದೆ ನಿರುಪದ್ರವಿಯಾಗಿ ಕಳೆದಿದ್ದರು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕುರ್ಚಿ, ಮೇಜು, ಏಸಿ ನೋಡಿಕೊಳ್ಳುವ ವಿಭಾಗ ಅವರದು. ಒಬ್ಬರಿಗೆ ಚಳಿಯಾದರೂ ಅವರನ್ನೇ ಬಯ್ಯುತ್ತಿದ್ದರು, ಪಕ್ಕದವರಿಗೆ ಸೆಕೆಯಾದರೂ ಅವರನ್ನೇ ಬಯ್ಯುತ್ತಿದ್ದರು. ಅಂದರೆ ಪರರ ಸಂಕಟ ಹೊರುವ ಅನುಭವ ಅವರಿಗೆ ಹೊಸದೇನಲ್ಲ. ಆದರೆ ಆಫೀಸಿನಲ್ಲಿ ಹಿನ್ನೆಲೆ ಸಂಗೀತ ಇರುತ್ತಿರಲಿಲ್ಲ.

ಸಿನಿಮಾಗೆ ಇಡೀ ಕಟ್ಟಡವನ್ನು ಕರೆದುಕೊಂಡು ಹೋಗಿದ್ದವನು ನಂದೀಶ್. ಬ್ರೂಕ್‌ಫೀಲ್ಡಿನಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಬೆಳೆಸಿರುವ ಬೈರಪ್ಪನವರ ಏಕಮಾತ್ರ ಪುತ್ರ ಆತ. ಓದು ಮುಗಿದಿತ್ತು, ಕೆಲಸ ಶುರುವಾಗಿರಲಿಲ್ಲ. ನಡುವಿನ ಕಾಲವನ್ನು ಅವನು ಹೀರೋವಿನ ಅಭಿಮಾನಿ ಸಂಘಕ್ಕೆ ಅರ್ಪಿಸಿದ್ದ. ಬಾಡಿಗೆದಾರರು ಮಾಲೀಕರ ಮಗ ಕರೆದಾಗ ಬರುವುದಿಲ್ಲ ಎನ್ನುವಂತಿಲ್ಲವಾದ್ದರಿಂದ ಎಲ್ಲರೂ ಹೋಗಿದ್ದರು.

ಸಿನಿಮಾದ ಹೀರೋ ಬಂದರಿನಲ್ಲಿ ಮೂಟೆ ಹೊರುವವನು. ಯಾರು ಯಾವ ತಪ್ಪು ಮಾಡಿದರೂ ಮುಂದೆ ಬಂದು, “ನಾನೇ ಮಾಡಿದ್ದು” ಎನ್ನುತ್ತಾನೆ. ಅವನಿಗೆ ಹನ್ನೆರಡು ಜನ ಗೆಳೆಯರು. ಅವರಲ್ಲೊಬ್ಬ ಮೊಬೈಲಿನಲ್ಲಿ ಲೊಕೇಶನ್ ಕಳಿಸಿ ಅವನನ್ನು ಹಿಡಿದುಕೊಡುತ್ತಾನೆ. ಖಳನಾಯಕನ ಕಡೆಯವರು ಹೀರೋವಿನ ಎರಡೂ ಕೈಗಳನ್ನು ಚಾಚಿಸಿ, ಕ್ರೇನಿನ ಅಡ್ಡಕಂಬಿಗೆ ಕಟ್ಟಿ ಮೇಲೆತ್ತುತ್ತಾರೆ. ತಲೆಗೆ ಮುಳ್ಳುತಂತಿ, ಕೆಳಗೆ ಅಳುವ ತಾಯಿ, ಕಾರಣವಿಲ್ಲದೆ ಮಳೆ. ಕೊನೆಯುಸಿರಿಗೆ ಮುಂಚೆ ಹೀರೋ ಕಣ್ಣು ತೆರೆದು, “ತಪ್ಪು ನಿಮ್ದು... ಪೆಟ್ಟು ನಂದು” ಎನ್ನುತ್ತಾನೆ. ಕತ್ತಲೆ. ಇಂಟರ್ವಲ್. ಪಾಪ್‌ಕಾರ್ನಿಗೆ ಹೋದವರು ಮರಳುವಷ್ಟರಲ್ಲಿ ಹೀರೋ ಸಮಾಧಿ ಒಡೆದುಕೊಂಡು ಎದ್ದು ಬಂದಿರುತ್ತಾನೆ. ಅಲ್ಲಿಂದ ಮುಂದೆ ಬಂದರಿನಲ್ಲಿ ಬದುಕಿ ಉಳಿಯುವವರು ತೀರ ಕಡಿಮೆ.

ಸಿದ್ದರಾಮಪ್ಪನವರು ಕರವಸ್ತ್ರ ಒದ್ದೆಯಾಗುವಷ್ಟು ಅತ್ತರು. ಪಕ್ಕದಲ್ಲಿದ್ದ ಹೆಂಡತಿ ಶರಣಮ್ಮನವರು ಗಾಬರಿಯಾಗಿ, “ಏನ್ರೀ, ಎದಿ ನೋವೇನು?” ಎಂದು ಕೇಳಿದರು. ಎದೆಯಲ್ಲಿ ಏನೋ ಆಗುತ್ತಿರುವುದು ನಿಜ, ಆದರೆ ಅದಕ್ಕೆ ಡಾಕ್ಟರ ಬಳಿ ಹೋಗುವ ಅಗತ್ಯವಿಲ್ಲ ಎಂದು ಅವರು ಕೈಸನ್ನೆ ಮಾಡಿದರು.

ವಾಪಸು ಬಂದು ಮೆಟ್ಟಿಲು ಹತ್ತುವಾಗ ನಂದೀಶ್ ಎರಡನೇ ಮಹಡಿಯ ಎಸ್ತರ್ ಟೀಚರನ್ನು ತಡೆದು ನಿಲ್ಲಿಸಿದ. ಅವರು ನಿವೃತ್ತ ಶಾಲಾ ಶಿಕ್ಷಕಿ, ಭಾನುವಾರದ ಚರ್ಚು ತಪ್ಪಿಸುವವರಲ್ಲ.

“ಟೀಚರ್, ನಮ್ ಹೀರೋ ಥೇಟ್ ನಿಮ್ ಯೇಸು ಥರಾನೇ ಅಲ್ವಾ?”

ಟೀಚರ್ ಮಂಡಿ ಹಿಡಿದುಕೊಂಡು ಯೋಚಿಸಿದರು. “ಇಂಟರ್ವಲ್ ತನಕ ಪರವಾಗಿಲ್ಲಪ್ಪ. ಆಮೇಲೆ ನಿಮ್ಮ ಹೀರೋ ಎದ್ದು ಬಂದು ಅಷ್ಟು ಜನರನ್ನ ಹೊಡೆದು ಹಾಕಿದ. ನಮ್ಮವನು ಎದ್ದು ಬಂದು, ತನ್ನನ್ನ ಬಿಟ್ಟು ಓಡಿಹೋಗಿದ್ದ ಗೆಳೆಯರಿಗೆ ಬೆಳಗಿನ ಹೊತ್ತು ಕೆಂಡದ ಮೇಲೆ ಮೀನು ಸುಟ್ಟು ಕೊಟ್ಟ. ಬನ್ನಿ ತಿನ್ನಿ ಅಂದ. ಅಷ್ಟೇ. ಅದನ್ನ ಸಿನಿಮಾ ತೆಗೆದ್ರೆ ಸೆಕೆಂಡ್ ಹಾಫ್‌ಗೆ ಯಾರು ಕೂತ್ಕೊಳ್ತಾರೆ ಹೇಳು?”

“ಫೈಟೇ ಇಲ್ವಾ?” ಎಂದ ನಂದೀಶ್, ನಿಜವಾದ ದುಃಖದಿಂದ.

ಸಿದ್ದರಾಮಪ್ಪನವರಿಗೆ ಈ ಚರ್ಚೆ ಕೇಳಿಸಲಿಲ್ಲ. ಅವರು ಇನ್ನೂ ಇಂಟರ್ವಲ್ಲಿಗೆ ಮುಂಚಿನ ಮಳೆಯಲ್ಲೇ ಇದ್ದರು.

ಅವಕಾಶ ಎರಡೇ ದಿನದಲ್ಲಿ ಬಂತು. ಬೈರಪ್ಪನವರ ಹೆಂಡತಿ ವೆಂಕಟಮ್ಮನವರು ತಾರಸಿಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಬಿಸಿಲಿಗೆ ಇಟ್ಟಿದ್ದರು. ಮೂರನೇ ಮಹಡಿಯ ದಿವ್ಯಾ ಎಂಬ ಹುಡುಗಿ ಮ್ಯಾನೇಜರನೊಂದಿಗೆ ಫೋನಿನಲ್ಲಿ ಮಾತಾಡುತ್ತ, ಬಟ್ಟೆ ಒಣಗಿಸುತ್ತ, ಹಿಂದೆ ಹಿಂದೆ ನಡೆಯುತ್ತ ಜಾಡಿಯನ್ನು ಒದ್ದಳು. ಅತ್ತೆಯ ಕಾಲದ ಜಾಡಿ ಹೋಳಾಯಿತು. ವೆಂಕಟಮ್ಮನವರ ಕೂಗಿಗೆ ಬೈರಪ್ಪನವರು ಮೇಲೆ ಓಡಿ ಬಂದರು.

“ಯಾರ್ ಮಾಡಿದ್ದು ಇದು? ಯೋಳ್ರಿ! ಇವತ್ತು ಒಬ್ರಾರ ಮನೆ ಖಾಲಿ ಆಗ್ಬೇಕು!”

ದಿವ್ಯಾಳ ಕಣ್ಣಲ್ಲಿ ನೀರು ತುಂಬಿತ್ತು. ಫೋನಿನಲ್ಲಿ ಮ್ಯಾನೇಜರ್ ಇನ್ನೂ ಮಾತಾಡುತ್ತಿದ್ದ. ಆಗ ನೀರಿನ ತೊಟ್ಟಿಯ ಮರೆಯಿಂದ ಸಿದ್ದರಾಮಪ್ಪನವರು ಹೊರಬಂದರು. ಟವೆಲು ಹಿಂಡಲು ಹೋಗಿದ್ದವರು ಅವರು. ಎರಡು ತೋಳುಗಳನ್ನೂ ಅಗಲಿಸಿ ನಿಂತು, ದಪ್ಪ ದನಿಯಲ್ಲಿ ಹೇಳಿದರು: “ನಾನೇ ಮಾಡಿದ್ದು.”

ಬೈರಪ್ಪನವರು ಬಾಯಿ ತೆರೆದರು, ಆದರೆ ಬೈಗುಳ ಹೊರಡಲಿಲ್ಲ. ಅವರ ಅನುಭವದಲ್ಲಿ ಬಾಡಿಗೆದಾರರು ತಪ್ಪನ್ನು ಅಲ್ಲಗಳೆಯುತ್ತಾರೆ. ಆಮೇಲೆ ಕೂಗಾಡುವುದು. ಮೊದಲೇ ಒಪ್ಪಿಕೊಂಡವನ ಮೇಲೆ ಕೂಗಾಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಓಗ್ಲಿ ಬುಡಿ ಸಾಮಿ, ಜಾಡಿ ತಾನೆ” ಎಂದು ಇಳಿದು ಹೋದರು.

ದಿವ್ಯಾ ಅಂದೇ ಸಂಜೆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ, ಯಾವ ಜಾಡಿ, ಯಾವ ತಪ್ಪು ಎಂದು ಹೇಳದೆ, ‘ಸಿದ್ದರಾಮಪ್ಪ ಅಂಕಲ್ ಇಸ್ ಎ ಹೀರೋ’ ಎಂದು ಬರೆದು ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದಳು. ಜನ ದಡ್ಡರಲ್ಲ. ಏನಾಯಿತೆಂದು ಮಾಲೀಕರನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು. ಕಟ್ಟಡದಲ್ಲಿ ಒಂದು ಹೊಸ ಸೌಲಭ್ಯ ಶುರುವಾಗಿದೆ ಎಂದು ಅವರು ಅರ್ಥ ಮಾಡಿಕೊಂಡರು.

ಮೊದಲ ಮಹಡಿಯ ಪಾಪಯ್ಯನವರು ಹಸಿ ಕಸಕ್ಕೆ ಒಣ ಕಸ ಬೆರೆಸಿದ್ದರು. ಕಸದ ಆಟೋದವನು ಇಡೀ ಕಟ್ಟಡದ ಕಸ ಬಿಟ್ಟು ಹೋದ. ಪಾಪಯ್ಯನವರು ನೇರವಾಗಿ ಸಿದ್ದರಾಮಪ್ಪನವರ ಬಾಗಿಲು ತಟ್ಟಿ, “ಸಾರ್, ಸ್ವಲ್ಪ ಇದನ್ನ ನಿಮ್ಮ ಕಡೆ ಹಾಕ್ಕೊಳ್ತೀರಾ?” ಎಂದರು, ಸಕ್ಕರೆ ಕೇಳುವ ಸಲೀಸಿನಲ್ಲಿ. ಯಾರೋ ಗೇಟು ತೆರೆದಿಟ್ಟು ಬೀದಿ ಹಸು ಒಳಗೆ ಬಂದು ತುಳಸಿ ಮೇಯ್ದುಹೋಯಿತು. ಅದೂ ಸಿದ್ದರಾಮಪ್ಪನವರೇ. ಕೊನೆಗೆ ನ್ಯಾಯಾಧೀಶರ ಸರದಿ ಬಂತು. ಸಕ್ಕರೆ ಕಾಯಿಲೆಯ ಬೈರಪ್ಪನವರು ಕಾರಿನಲ್ಲಿ ಕೂತು ಮೈಸೂರು ಪಾಕು ತಿನ್ನುವಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದರು. “ನಾನೆಲ್ಲಿ ತಂದೆ? ಸಿದ್ದರಾಮಪ್ಪೋರು ಕೊಟ್ರು, ಬ್ಯಾಡ ಅಂದ್ರೂ ಕೇಳ್ಲಿಲ್ಲ” ಎಂದರು. ವೆಂಕಟಮ್ಮನವರು ವಿಚಾರಿಸಲು ಬಂದಾಗ ಸಿದ್ದರಾಮಪ್ಪನವರು ತೋಳು ಅಗಲಿಸಿದರು.

ಗಮನಿಸಬೇಕಾದ ಸಂಗತಿ ಏನೆಂದರೆ, ಇಷ್ಟು ಹೊತ್ತರೂ ಅವರಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಬದಲಿಗೆ ಮನೆಗೆ ಒಬ್ಬಟ್ಟು ಬರುತ್ತಿತ್ತು. ಮೆಟ್ಟಿಲಲ್ಲಿ ದಾರಿ ಬಿಡುತ್ತಿದ್ದರು. ಅವರು ಗಡ್ಡ ಬಿಟ್ಟರು, ಮಾತು ಕಡಿಮೆ ಮಾಡಿದರು, ಹಣೆಯ ವಿಭೂತಿಯನ್ನು ಇನ್ನೂ ಅಗಲವಾಗಿ ಹಚ್ಚತೊಡಗಿದರು. ಊಟಕ್ಕೆ ಕೂತಾಗಲೂ ಕಣ್ಣು ದೂರದಲ್ಲಿ ನೆಟ್ಟಿರುತ್ತಿತ್ತು.

“ಪಲ್ಯಾ ಉಪ್ಪಾಗೈತೇನ್ರೀ?” ಎಂದು ಶರಣಮ್ಮನವರು ಒಂದು ದಿನ ಕೇಳಿದರು.

“ಆಗಿದ್ರೆ ಅದು ನನ್ನ ತಪ್ಪು.”

“ನಿಮ್ಮದ್ಯಾಕ್ರೀ? ಹಾಕಿದಾಕಿ ನಾನು. ಉಪ್ಪಾಗಿದ್ರ ಉಪ್ಪಾಗೈತಿ ಅನ್ರಿ, ಮಜ್ಜಿಗಿ ಕೊಡ್ತೀನಿ. ತಪ್ಪು ತಗೊಂಡು ಏನ್ ಕಲಸ್ಕೊಂಡು ಉಣ್ತೀರಾ?”

ಮಹಾತ್ಮರ ಹೆಂಡಂದಿರಿಗೆ ಮಹಾತ್ಮರು ಅರ್ಥವಾಗುವುದಿಲ್ಲ ಎಂದುಕೊಂಡು ಸಿದ್ದರಾಮಪ್ಪನವರು ಉಪ್ಪಾದ ಪಲ್ಯವನ್ನು ಪೂರ್ತಿ ಉಂಡರು.

ಈಗ ಪಿಳ್ಳಮ್ಮನ ವಿಷಯ ಹೇಳಬೇಕು. ಕಟ್ಟಡದ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಅವಳ ವಾಸ. ಮೆಟ್ಟಿಲು ಗುಡಿಸುವುದು, ಗೇಟು ನೋಡುವುದು, ಮೋಟಾರು ಹಾಕುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಆ ಮುದುಕಿಗಿದ್ದ ಆಧಾರ ಆ ಕೋಣೆಯೊಂದೇ. ಬೋರ್‌ವೆಲ್ ಬತ್ತಿ ಆಗಲೇ ಎರಡು ಬೇಸಿಗೆಯಾಗಿತ್ತು. ಟ್ಯಾಂಕರ್ ತಂದು ನೆಲದಡಿಯ ಸಂಪಿಗೆ ಸುರಿದ ನೀರನ್ನು ಮೋಟಾರು ಹಾಕಿ ತಾರಸಿಗೆ ಏರಿಸಬೇಕು. ಸಂಪು ಬರಿದಾಗುವುದರೊಳಗೆ ಆರಿಸದಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ಅದಕ್ಕೇ ಪಿಳ್ಳಮ್ಮನ ಹೊರತು ಬೇರೆ ಯಾರೂ ಆ ಸ್ವಿಚ್ಚು ಮುಟ್ಟಬಾರದೆಂಬ ಕಟ್ಟಪ್ಪಣೆ ಇತ್ತು.

ಶನಿವಾರ ಬೆಳಿಗ್ಗೆ ಸಿದ್ದರಾಮಪ್ಪನವರು ಸೋಪು ಹಚ್ಚಿಕೊಂಡ ಹೊತ್ತಿಗೆ ನಲ್ಲಿ ನಿಂತಿತು. ಪಂಚೆ ಸುತ್ತಿಕೊಂಡು ಕೆಳಗೆ ಬಂದರೆ ಪಿಳ್ಳಮ್ಮ ಇರಲಿಲ್ಲ, ರೇಷನ್ ಅಂಗಡಿಗೆ ಹೋಗಿದ್ದಳು. ಐದು ನಿಮಿಷ ತಾನೆ ಎಂದುಕೊಂಡು ಅವರೇ ಸ್ವಿಚ್ಚು ಹಾಕಿ, ಅಲ್ಲೇ ಕಾಯುತ್ತ ನಿಂತರು. ಆಗ ನಂದೀಶ್ ಬೆವರಿಳಿಸಿಕೊಂಡು ಬಂದ.

“ಅಂಕಲ್, ಇಲ್ಲಿದ್ದೀರಾ! ಸಕ್ಕತ್ ಪ್ರಾಬ್ಲಮ್ ಆಗ್ಬಿಟ್ಟಿದೆ. ಅಪ್ಪನ ಹೊಸ ಕಾರನ್ನ ಗೇಟ್ ಕಂಬಕ್ಕೆ ಉಜ್ಜಿಬಿಟ್ಟೆ. ಡೋರೇ ಒಳಗೆ ಹೋಗಿದೆ. ನೀವು ಸ್ಕೂಟರ್‌ನಲ್ಲಿ ಗುದ್ದಿದೆ ಅಂತ ಹೇಳ್ಬಿಡಿ ಅಂಕಲ್, ಪ್ಲೀಸ್. ನಾಳೆ ಸಾಯಂಕಾಲ ನಿಮಗೆ ಸನ್ಮಾನ ಇಟ್ಕೊಂಡಿದ್ದೀನಿ. ಫ್ಲೆಕ್ಸ್ ಪ್ರಿಂಟಿಗೆ ಹೋಗಿದೆ.”

ಸೋಪು ಒಣಗುತ್ತಿದ್ದ ಮೈಯಲ್ಲೂ ಸಿದ್ದರಾಮಪ್ಪನವರಿಗೆ ರೋಮಾಂಚನವಾಯಿತು. ಅವರು ಪಂಚೆಯಲ್ಲೇ ಬೈರಪ್ಪನವರ ಮನೆಗೆ ನಡೆದರು. ಕಾರಿನ ತಪ್ಪು ದೊಡ್ಡದಾದ್ದರಿಂದ ಒಪ್ಪಿಕೊಳ್ಳುವುದಕ್ಕೂ ಹೊತ್ತು ಹಿಡಿಯಿತು. ಬೈರಪ್ಪನವರು ಮೊದಲು ಎದೆ ಹಿಡಿದುಕೊಂಡರು, ಆಮೇಲೆ ಕ್ಷಮಿಸಿದರು, ಆಮೇಲೆ ಕಾಫಿ ತರಿಸಿದರು. ತಾವು ಎಂಥ ದೊಡ್ಡ ಮನಸ್ಸಿನವರೆಂದು ಇಬ್ಬರೂ ಪರಸ್ಪರ ಹೇಳಿಕೊಂಡರು. ಎರಡನೇ ಲೋಟ ಕಾಫಿಯ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಸುಟ್ಟ ವಾಸನೆ ಬಂತು.

ಎಲ್ಲರೂ ಓಡಿದರು. ಮೋಟಾರಿನಿಂದ ಹೊಗೆ ಬರುತ್ತಿತ್ತು. ಸಂಪಿನಲ್ಲಿ ನೀರಿರಲಿಲ್ಲ. ಮೇಲೆ ತಾರಸಿಯ ತೊಟ್ಟಿ ತುಂಬಿ, ಹರಿದು, ಕೊಂಡು ತಂದ ನೀರೆಲ್ಲ ಚರಂಡಿ ಸೇರಿತ್ತು. ಅದೇ ಸಮಯಕ್ಕೆ ಪಿಳ್ಳಮ್ಮ ಅಕ್ಕಿಯ ಚೀಲ ಸೊಂಟದ ಮೇಲಿಟ್ಟುಕೊಂಡು ಗೇಟಿನಲ್ಲಿ ಕಾಣಿಸಿಕೊಂಡಳು.

ಹೊಸ ಕಾರಿನ ವಿಷಯಕ್ಕೆ ಕೂಗಾಡಲಾಗದೆ ಉಳಿದುಹೋಗಿದ್ದ ಕೋಪವನ್ನೆಲ್ಲ ಬೈರಪ್ಪನವರು ಅವಳ ಮೇಲೆ ಸುರಿದರು. “ಮೋಟ್ರು ಆಕ್ಬಿಟ್ಟು ಊರ್ ಸುತ್ತೋಕ್ ಓಗಿದ್ಯಾ? ಈ ಬ್ಯಾಸ್ಗೇಲಿ ಜನ ಏನ್ ಕುಡೀಬೇಕು? ನಾಳೆ ಸಂಜೆ ಒತ್ಗೆ ರೂಮ್ ಖಾಲಿ ಮಾಡು. ಇನ್ನೊಂದ್ ಮಾತಿಲ್ಲ!”

ಸಿದ್ದರಾಮಪ್ಪನವರು ಇಬ್ಬರ ನಡುವೆ ಬಂದು ನಿಂತರು. “ಬೈರಪ್ಪನವರೇ, ಆಕಿಯಲ್ಲ. ನಾನೇ ಮಾಡಿದ್ದು.”

ದಿವ್ಯಾ ಚಪ್ಪಾಳೆ ತಟ್ಟಿದಳು.

“ನಿಜವಾಗ್ಲೂ ನಾನು! ಸೋಪು ಹಚ್ಕೊಂಡಿದ್ದೆ, ನೀರು ನಿಂತು. ಕೆಳಗ ಬಂದು ಸ್ವಿಚ್ ಹಾಕೀನಿ, ಆರಿಸೋದು ಮರ್ತೀನಿ. ನೋಡ್ರಿ, ಮೈಮ್ಯಾಲೆ ಇನ್ನೂ ಸೋಪು ಐತಿ!”

“ಎಷ್ಟು ಚೆನ್ನಾಗಿ ಕೂಡಿಸಿ ಹೇಳ್ತಾರೆ ನೋಡಿ” ಎಂದು ಪಾಪಯ್ಯನವರು ಪಕ್ಕದವರಿಗೆ ಹೇಳಿದರು. ವೆಂಕಟಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈರಪ್ಪನವರು ಸಿದ್ದರಾಮಪ್ಪನವರ ಕೈ ಹಿಡಿದು, “ಸಾಮಿ, ಈಗ್ ತಾನೆ ಕಾರಿಂದು ತಲೆ ಮ್ಯಾಲ್ ಆಕ್ಕೊಂಡ್ರಿ. ಅದು ನಿಮ್ದೇ, ಒಪ್ಕೋತೀನಿ. ಆದ್ರೆ ಇವ್ಳಿಗೂ ನೀವೇ ಅಂದ್ರೆ ಯಂಗೆ? ದೊಡ್ ಮನ್ಸಿಗೂ ಒಂದ್ ಮಿತಿ ಬ್ಯಾಡ್ವಾ?” ಎಂದರು.

ಸಿದ್ದರಾಮಪ್ಪನವರು ಕೂಗಿದರು. ಜನ ಅದನ್ನು ತ್ಯಾಗದ ಆವೇಶ ಎಂದರು. ಅವರು ಅತ್ತರು. ಎಲ್ಲರೂ ಅತ್ತರು. ಕೊನೆಗೆ ಅವರು ಪಿಳ್ಳಮ್ಮನ ಕಡೆ ತಿರುಗಿ, “ನೀವರ ಹೇಳ್ರಿ ಅವ್ವಾರ, ನೀವು ಹಾಕಿಲ್ಲಂತ” ಎಂದು ಅಂಗಲಾಚಿದರು.

ಪಿಳ್ಳಮ್ಮ ಅಕ್ಕಿಯ ಚೀಲವನ್ನು ಕೆಳಗಿಟ್ಟಳು. ಹೊಗೆಯಾಡುವ ಮೋಟಾರನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು.

“ಬ್ಯಾಡಿ ಸಾಮಿ, ನನ್ಗೋಸ್ಕರ ಸುಳ್ ಯೋಳ್ಬ್ಯಾಡಿ. ದಿನಾ ಎದ್ ತಕ್ಷಣ ಕೈ ತಾನಾಗೇ ಸ್ವಿಚ್ಚಿಗೆ ಓಯ್ತದೆ. ಇವತ್ತೂ ಓಗಿತ್ತೇನೋ. ಆಕಿಲ್ಲ ಅಂತ್ಲೇ ಅನ್ಕಂಡಿದ್ದೆ. ಇಷ್ಟ್ ಜನ ಯೋಳ್ತಿದ್ರೆ, ನಾನೇ ಇರ್ಬೇಕು.”

ಈ ಮಾತು ಕೇಳಿದ ಮೇಲೆ ಸಿದ್ದರಾಮಪ್ಪನವರಿಗೆ ಮಹಾತ್ಮರಾಗಿರುವುದು ಸಾಧ್ಯವಾಗಲಿಲ್ಲ. ಅವರು ಮೊದಲು ನಂದೀಶನನ್ನು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದರು. “ನೀನು ನೋಡೀಯಲ್ಲ? ಸ್ವಿಚ್ಚಿನ ಡಬ್ಬಿ ಮುಂದ ನಿಂತಿದ್ನಲ್ಲ ನಾನು? ಹೇಳು ನಿಮ್ಮಪ್ಪಗ.”

ನಂದೀಶ್ ತಲೆ ಕೆರೆದುಕೊಂಡ. “ನೋಡ್ದೆ ಅಂಕಲ್. ಆದ್ರೆ ಹೇಳಿದ್ರೆ, ನೀನ್ಯಾಕೆ ಅವರನ್ನ ಹುಡುಕ್ಕೊಂಡು ಹೋಗಿದ್ದೆ ಅಂತ ಕೇಳ್ತಾರೆ. ಕಾರಿನ ಮ್ಯಾಟರ್ ಹೊರಗೆ ಬರತ್ತೆ. ಈ ಒಂದು ಸಲ ಬಿಟ್ಬಿಡಿ. ಪಿಳ್ಳಮ್ಮಂಗೆ ಬೇರೆ ಕಡೆ ರೂಮ್ ನೋಡೋಣ ಬಿಡಿ.”

ಅವರು ಎಸ್ತರ್ ಟೀಚರ ಬಾಗಿಲಿಗೆ ಹೋದರು. ಟೀಚರ್ ಕನ್ನಡಕ ಏರಿಸಿ ಅವರನ್ನು ನೋಡಿ, “ನಾನು ನಂಬ್ತೀನಿ, ನೀವೇ ಮಾಡಿದ್ದು” ಎಂದರು.

“ನೀವೊಬ್ಬರೇ ನಂಬಿದ್ರಿ. ಹೆಂಗ ಗೊತ್ತಾತ್ರಿ?”

“ಇವತ್ತು ನಿಮ್ಮ ಮುಖ ಸಿನಿಮಾದವರ ಥರ ಇಲ್ಲ. ಆದ್ರೆ ನಾನು ಹೇಳಿದ್ರೆ ಬೈರಪ್ಪ ಕೇಳಲ್ಲ ಸಿದ್ದರಾಮಪ್ಪನೋರೇ. ನಾನೂ ಕರುಣೆಯಿಂದ ಹೇಳ್ತಿದ್ದೀನಿ ಅಂತಾರೆ. ಕರುಣೆ ಅಂದ್ರೆ ಸುಳ್ಳು ಹೇಳೋದು ಅಂತ ನೀವು ಈ ಕಟ್ಟಡಕ್ಕೆಲ್ಲ ಕಲಿಸಿಬಿಟ್ಟಿದ್ದೀರಿ.”

ಮನೆಗೆ ಬಂದು ಅವರು ಕುರ್ಚಿಯಲ್ಲಿ ಕುಸಿದು ಕೂತರು. ಶರಣಮ್ಮನವರು ಒಣಗಿದ ಬಟ್ಟೆಗಳ ರಾಶಿಯನ್ನು ಮಂಚದ ಮೇಲೆ ಹಾಕಿಕೊಂಡು ಮಡಿಚುತ್ತಿದ್ದರು. ಪಕ್ಕದ ಮನೆಯವರ ಎರಡು ಅಂಗಿಗಳೂ ತಂತಿಯಿಂದ ಜೊತೆಗೆ ಬಂದಿದ್ದವು. ಗಂಡನ ಮಾತೆಲ್ಲ ಕೇಳಿ ಅವರು ಹೇಳಿದರು: “ಮಂದಿ ಅಂಗಿ ಎಲ್ಲಾ ನಿಮ್ಮ ಮೈಮ್ಯಾಲೆ ಏರಿಸ್ಕೊಂಡೀರಿ. ಅದರಾಗ ನಿಮ್ಮ ಅಂಗಿ ಯಾವುದಂತ ಯಾರಿಗೆ ತಿಳೀಬೇಕ್ರಿ? ಅವರವರದು ಅವರವರಿಗೆ ಕೊಟ್ಟು ಬರ್ರಿ ಮೊದಲ.”

“ಕೊಟ್ರ ನನ್ನ ಹೊಡೀತಾರ.”

“ಹೊಡೀಲಿ. ಮುದುಕಿ ಕೋಣಿ ಹೋಗ್ತೈತಿ ಅಲ್ಲಿ.”

ಭಾನುವಾರ ಸಂಜೆ ಪಾರ್ಕಿಂಗ್ ಜಾಗದಲ್ಲಿ ಸನ್ಮಾನ. ಹಿಂದೆ ದೊಡ್ಡ ಫ್ಲೆಕ್ಸು. ಹೀರೋವಿನ ಚಾಚಿದ ತೋಳಿನ, ಹುರಿಗಟ್ಟಿದ ಮೈಯ ಮೇಲೆ ಸಿದ್ದರಾಮಪ್ಪನವರ ಪಾಸ್‌ಪೋರ್ಟ್ ಅಳತೆಯ ಮುಖವನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಕನ್ನಡಕ ಹಾಗೇ ಇತ್ತು. ‘ತಪ್ಪು ನಿಮ್ದು, ಪೆಟ್ಟು ನಂದು’ ಎಂದು ಕೆಂಪಕ್ಷರ. ಒಂದು ಮೂಲೆಯಲ್ಲಿ ಶುಭ ಕೋರುವವರ ಸಾಲಿನಲ್ಲಿ ನಂದೀಶ್ ಕೈಮುಗಿದಿದ್ದ. ಗೇಟಿನ ಹೊರಗೆ ಪಿಳ್ಳಮ್ಮನ ಅಣ್ಣ ಲಗೇಜ್ ಆಟೋ ತಂದು ನಿಲ್ಲಿಸಿದ್ದ. ಅದರಲ್ಲಿ ಒಂದು ಟ್ರಂಕು, ಚಾಪೆ, ಗ್ಯಾಸಿನ ಒಲೆ, ದೇವರ ಪಟ ಏರಿದ್ದವು. ಸನ್ಮಾನಕ್ಕೆ ಬಂದವರು ಆಟೋ ಅಡ್ಡವಾಯಿತೆಂದು ಗೊಣಗಿಕೊಂಡು ಪಕ್ಕದಿಂದ ನುಸುಳಿ ಒಳಗೆ ಬಂದರು.

ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬೈರಪ್ಪನವರು, “ಇಂಥೋರು ನಮ್ ಬಿಲ್ಡಿಂಗ್‌ನಾಗ್ ಅವ್ರೆ ಅನ್ನೋದೇ ನಮ್ ಪುಣ್ಯ” ಎಂದು ಮೈಕು ಅವರ ಕೈಗೆ ಕೊಟ್ಟರು.

ಸಿದ್ದರಾಮಪ್ಪನವರು ಪೇಟವನ್ನು ನೆಟ್ಟಗೆ ಮಾಡಿಕೊಂಡರು.

“ನಾನು ಇಲ್ಲೀತನಕ ಇಸ್ಕೊಂಡಿದ್ದನ್ನೆಲ್ಲ ವಾಪಸ್ ಕೊಡಾಕ ಬಂದೀನಿ” ಎಂದರು. ಹಣ್ಣಿನ ಬುಟ್ಟಿಯ ಮಾತೆಂದು ತಿಳಿದು ಕೆಲವರು ನಕ್ಕರು. “ವೆಂಕಟಮ್ಮನೋರ ಜಾಡಿ ನಾ ಒಡ್ದಿಲ್ಲ. ದಿವ್ಯಾ ಮೇಡಂ, ಅದು ನಿಮ್ಮದು, ತಗೋರಿ. ಕಸ ಬೆರೆಸಿದ್ದು ಪಾಪಯ್ಯನೋರು. ಕಾರು ಗುದ್ದಿದ್ದು ನಂದೀಶ. ಮೈಸೂರು ಪಾಕು ನಾ ಕೊಟ್ಟಿಲ್ಲ. ಬೈರಪ್ಪನೋರೇ, ಅದು ನಿಮ್ಮದು.”

ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದರು. ವೆಂಕಟಮ್ಮನವರು ಜಾಡಿಗಾಗಿ ದಿವ್ಯಾಳ ಕಡೆ ಹೊರಟವರು ಮೈಸೂರು ಪಾಕು ನೆನಪಾಗಿ ಅರ್ಧ ದಾರಿಯಲ್ಲಿ ಗಂಡನ ಕಡೆ ತಿರುಗಿದರು. ಪಾಪಯ್ಯನವರು, “ನಂಬಿಕೆಯಿಂದ ಕೊಟ್ಟಿದ್ದು ಕಣ್ರೀ! ಇಟ್ಕೊಳ್ಳೋಕೆ ಆಗಲ್ಲ ಅಂದ್ರೆ ಯಾಕ್ ತಗೋಬೇಕಿತ್ತು?” ಎಂದು ಚೀರಿದರು. ದಿವ್ಯಾ, “ಚೀಟರ್!” ಎಂದು ಅತ್ತಳು. ಒಂದು ಗಳಿಗೆಯ ಹಿಂದೆ ಸಿದ್ದರಾಮಪ್ಪನವರಿಗೆ ಹಾರ ಹಾಕಿದ ಕೈಗಳೇ ಈಗ ಅವರ ಮುಖದ ಮುಂದೆ ಆಡುತ್ತಿದ್ದವು. ಗುಂಪಿನ ಹಿಂದೆ ನಿಂತಿದ್ದ ಎಸ್ತರ್ ಟೀಚರಿಗೆ ಈ ದೃಶ್ಯ ತಮ್ಮ ಬೈಬಲಿನಲ್ಲಿ ಎಲ್ಲೋ ಓದಿದ್ದೆನಿಸಿರಬೇಕು. ಅವರು ಕಣ್ಣು ಮುಚ್ಚಿಕೊಂಡರು.

“ಅಂಗಾರೆ ಮೋಟ್ರು?” ಎಂದು ಬೈರಪ್ಪನವರು ಗುಡುಗಿದರು. ಹೆಂಡತಿಯಿಂದ ತಪ್ಪಿಸಿಕೊಳ್ಳಲು ಅವರಿಗೆ ಬೇರೆ ವಿಷಯ ಬೇಕಿತ್ತು. “ಅದ್ಯಾರ್ದು?”

“ಅದೊಂದೇ ನಂದು.”

ನಂಬುವುದೋ ಬಿಡುವುದೋ ಎಂದು ಜನ ತೂಗುತ್ತಿದ್ದಾಗ, ಅಪ್ಪನ ಮುಂದೆ ಮಾನ ಕಳೆದುಕೊಂಡು ಕುದಿಯುತ್ತಿದ್ದ ನಂದೀಶ್ ಸಿಡಿದ.

“ಹೌದಪ್ಪ, ಇವ್ರೇ ಸುಟ್ಟಿದ್ದು! ನಾನೇ ಕಣ್ಣಾರೆ ನೋಡಿದ್ದೀನಿ. ನಾನು ಹೋದಾಗ ಸ್ವಿಚ್ ಆನ್ ಮಾಡ್ಕೊಂಡು ಪಂಚೇಲಿ ನಿಂತಿದ್ರು! ನಮ್ಮ ಮೇಲೆಲ್ಲ ಹೇಳ್ತಾರೆ, ಇವ್ರೇನು ಸಾಚಾನಾ?”

ಸಿಟ್ಟಿನಿಂದ ಬಂದ ಸಾಕ್ಷಿಯನ್ನು ಯಾರೂ ಅನುಮಾನಿಸಲಿಲ್ಲ. ಕರುಣೆಯಿಂದ ಬಂದ ಸತ್ಯ ಒಂದು ದಿನವೆಲ್ಲ ಬಾಗಿಲು ಬಾಗಿಲು ತಟ್ಟಿಯೂ ಆಗದ ಕೆಲಸ ಒಂದು ಹೊಟ್ಟೆಯುರಿಯಿಂದ ಆಗಿಹೋಯಿತು. ಲೋಕದ ಈ ವ್ಯವಸ್ಥೆ ನನಗೆ ಇವತ್ತಿಗೂ ಬೇಸರ ತರಿಸುತ್ತದೆ.

ಬೈರಪ್ಪನವರು ಸಿದ್ದರಾಮಪ್ಪನವರ ಕೈಯಿಂದ ಮೈಕು ಕಿತ್ತುಕೊಂಡರು. “ನಾಳೆ ಬೆಳಿಗ್ಗೆ ನೀವೇ ಮೋಟ್ರು ಒತ್ಕೊಂಡೋಗಿ ವೈಂಡಿಂಗ್ ಮಾಡಿಸ್ಕೊಂಡ್ ಬರ್ಬೇಕು. ಬೇರೆ ಮನೇನೂ ನೋಡ್ಕಳಿ. ಇಷ್ಟ್ ದಿನ ನನ್ ಬಾಯಿ ಕಟ್ಟಾಕಿದ್ರಲ್ಲ ನೀವು!” ನಂದೀಶ್ ಮುಂದೆ ಬಂದು, “ಪೇಟ ಕೊಡಿ, ಬಾಡಿಗೆದು” ಎಂದು ತಲೆಯಿಂದ ತೆಗೆದುಕೊಂಡ. ಶಾಲು ಬಾಡಿಗೆಯದಲ್ಲವಾದ್ದರಿಂದ ಬಿಟ್ಟರು. ಜನ ಬಾಯಿಗೆ ಬಂದದ್ದನ್ನು ಅನ್ನುತ್ತ ತಂತಮ್ಮ ಮನೆಗಳಿಗೆ, ಹೊಸದಾಗಿ ಕೈಗೆ ಬಂದ ಹಳೆಯ ತಪ್ಪುಗಳ ಜೊತೆ, ಮೆಟ್ಟಿಲು ಹತ್ತಿದರು. ಕೊನೆಗೆ ಬೈರಪ್ಪನವರು ಗೇಟಿನ ಕಡೆ ನೋಡದೆಯೇ, “ಏಯ್, ಆ ಸಾಮಾನ್ ಇಳ್ಸ್ರಯ್ಯ” ಎಂದು ಕೂಗಿ ಒಳಗೆ ಹೋದರು. ಪಿಳ್ಳಮ್ಮನ ಪಾಲಿನ ನ್ಯಾಯ ಅಷ್ಟೇ.

ಸಿದ್ದರಾಮಪ್ಪನವರು ಆಟೋದ ಬಳಿ ಹೋದರು. ಟ್ರಂಕಿನ ಒಂದು ಹಿಡಿಕೆ ಹಿಡಿದರು. ಪಿಳ್ಳಮ್ಮ ಇನ್ನೊಂದನ್ನು ಹಿಡಿಯಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು.

“ನಿನ್ನೆಯಿಂದ ಒಂದ್ ತುತ್ತು ಇಳೀಲಿಲ್ಲ ಸಾಮಿ ನಂಗೆ” ಎಂದಳು. “ರೂಮ್ ಓಯ್ತು ಅಂತಲ್ಲ. ಆಕಿದ್ದೂ ನೆನಪಿಲ್ವಲ್ಲ, ನನ್ ತಲೆಗೇನೋ ಆಗದೆ ಅಂತ. ಅಣ್ಣನ್ ಮನೇಲಿ ಒಲೆ ಅಚ್ಚಿಟ್ಟು ಮರ್ತ್‌ಬುಟ್ರೆ, ಮಕ್ಳವೆ ಆ ಮನೇಲಿ, ಅಂತ. ನಮ್ಮಣ್ಣಂಗೆ ಯೋಳ್ಬುಟ್ಟೆ, ಒಲೆ ತಾವ ನನ್ ಬುಡಬ್ಯಾಡಿ ಅಂತ. ನೀವು ದ್ಯಾವ್ರಂಗೆ ಅಂತಿದ್ರು ಎಲ್ರೂ. ಅದಕ್ಕೇ ನಿಮ್ ಮಾತ್ನ ನಾನೂ ನಂಬ್ಲಿಲ್ಲ.”

ಸಿದ್ದರಾಮಪ್ಪನವರ ಕೈಗಳು ಟ್ರಂಕಿನ ಹಿಡಿಕೆಯ ಮೇಲೇ ಇದ್ದವು.

“ಈಗ ಯೋಳಿ. ಸ್ವಿಚ್ ಆಕ್ದೋರ್ ಯಾರು?”

“ನಾನು.”

“ನಾನು ಆಕಿರ್ಲಿಲ್ಲ?”

“ಇಲ್ರಿ ಅವ್ವಾರ. ನೀವು ರೇಷನ್ನಿಗೆ ಹೋಗಿದ್ರಿ. ಅದು ಆರಿತ್ತು. ನಾ ಬಂದು ಹಾಕೀನಿ. ನಿಮ್ಮ ತಲಿ ನೆಟ್ಟಗೈತಿ.”

“ಇನ್ನೊಂದ್ ದಪ ಯೋಳಿ.”

ಅವರು ಮೊದಲಿಂದ ಹೇಳಿದರು: ನಲ್ಲಿ ನಿಂತದ್ದು, ಪಂಚೆ ಸುತ್ತಿಕೊಂಡದ್ದು, ಕೆಳಗೆ ಬಂದಾಗ ಮೋಟಾರಿನ ಸದ್ದಿರಲಿಲ್ಲ ಎಂಬುದು, ಸ್ವಿಚ್ಚು ಹಾಕಿದ್ದು, ಮರೆತು ಹೋದದ್ದು. ಪಿಳ್ಳಮ್ಮ ಒಂದೊಂದು ಮಾತಿಗೂ ತಲೆಯಾಡಿಸುತ್ತ ಕೇಳಿದಳು. ಮುಗಿದ ಮೇಲೆ ಆಟೋದ ಅಂಚಿಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಒಳಗಿದ್ದ ಗ್ಯಾಸಿನ ಒಲೆಯನ್ನು ತಾನೇ ಎತ್ತಿಕೊಂಡು, ಅಣ್ಣನಿಗೆ ಗಟ್ಟಿಯಾಗಿ ಹೇಳಿದಳು: “ಕೇಳುಸ್ಕಂಡ್ಯಾ? ನಾನಲ್ಲ.”